ನಿಕಾನ್ ಡಿ7200 ಕ್ಯಾಮೆರಾ, 200-500 ಎಂಎಂ ಲೆನ್ಸ್ ಎರಡೂ ಕೊಟ್ಬಿಟ್ಟು ಹಗುರದ್ದು ತಗೊಳ್ಳೋದಾ? ಕ್ಯಾಮೆರಾ ಬದಲಾಯಿಸ್ಕೊಂಡು ಬಂದವ್ರು ಸ್ವಲ್ಪ ಹೇಳಿ

ಕಾವೇರಿದಂಡೆ

ಎಲ್ರಿಗೂ ನಮಸ್ಕಾರ. ನಮ್ದು ಶ್ರೀರಂಗಪಟ್ಟಣ, ಫೋಟೋಗ್ರಫಿ ಹೊಟ್ಟೆಪಾಡಲ್ಲ, ಹುಚ್ಚು ಅಷ್ಟೇ. ಇಲ್ಲಿ ರೀಲಿನ ಕಾಲದಿಂದ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ವರೆಗೂ ನೋಡಿದವ್ರು ತುಂಬಾ ಜನ ಇದ್ದೀರ ಅಂತ ಕೇಳ್ತಿದೀನಿ, ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮನೇಲಿ ಮೊದಲು ಇದ್ದಿದ್ದು ಹಾಟ್‌ಶಾಟ್, ಮಾವ ತಂದಿದ್ದು, ಮದುವೆ ನಾಮಕರಣ ಇದ್ರೆ ಮಾತ್ರ ಬೀರುವಿಂದ ಹೊರಗೆ ಬರ್ತಿತ್ತು. ಕೆಲಸ ಸಿಕ್ಕಿದ್ಮೇಲೆ ನಾನೇ ತಗೊಂಡಿದ್ದು ಯಾಶಿಕಾ ಎಂಎಫ್-2. ಫಿಕ್ಸೆಡ್ ಫೋಕಸ್, 38 ಎಂಎಂ ಲೆನ್ಸ್ (ಎಂಎಂ ಜಾಸ್ತಿ ಆದಷ್ಟೂ ದೂರದ್ದು ಹತ್ರ ಕಾಣುತ್ತೆ), ಮನೆಮಂದೀನ ನಿಲ್ಲಿಸಿ ತೆಗೆಯೋಕೆ ಚೆನ್ನಾಗಿತ್ತು, ಆದ್ರೆ ರಂಗನತಿಟ್ಟಲ್ಲಿ ದೋಣಿ ಮೇಲಿಂದ ಕೊಕ್ಕರೆ ತೆಗೆದ್ರೆ ಪ್ರಿಂಟಲ್ಲಿ ಬಂಡೆ ಮೇಲೆ ಯಾರೋ ಸುಣ್ಣದ ಚುಕ್ಕೆ ಇಟ್ಟಂಗೆ ಕಾಣ್ತಿತ್ತು. ಆಮೇಲೆ ಡಿಜಿಟಲ್ ಬಂತು, ನಿಕಾನ್ ಡಿ40 ತಗೊಂಡೆ, 6 ಮೆಗಾಪಿಕ್ಸೆಲ್ಲು, ಇವತ್ತಿನ ಹುಡುಗ್ರು ಕೇಳಿದ್ರೆ ನಗ್ತಾರೆ, ಆದ್ರೆ ಆ ಕ್ಯಾಮೆರಾ ಬಣ್ಣ ನಂಗೆ ಈಗ್ಲೂ ಇಷ್ಟ. ಅದರ ಬಾಡೀಲಿ (ಲೆನ್ಸ್ ಬಿಟ್ಟು ಮಿಕ್ಕ ಕ್ಯಾಮೆರಾಲಿ) ಫೋಕಸ್ ಮೋಟರ್ ಇಲ್ಲ, ಸ್ನೇಹಿತರೊಬ್ರು ಕೊಟ್ಟಿದ್ದ 50 ಎಂಎಂ 1.8 ಡಿ ಲೆನ್ಸ್‌ನ ಕೈಯಲ್ಲೇ ತಿರುಗಿಸ್ಕೊಂಡು ಮಗಳು ಚಿಕ್ಕವಳಿದ್ದಾಗಿನ ಫೋಟೋ ಎಲ್ಲಾ ತೆಗೆದಿರೋದು. ಅದಾದ್ಮೇಲೆ ಡಿ7200, ಅದರ ಹಿಂದೇನೇ 200-500.

ಈಗ ಸಮಸ್ಯೆ ಏನಪ್ಪ ಅಂದ್ರೆ ತೂಕ. ಬಾಡಿ ಮುಕ್ಕಾಲು ಕೇಜಿ, ಲೆನ್ಸ್ 2.3 ಕೇಜಿ, ಎರಡೂ ಸೇರಿ ಮೂರು ಕೇಜಿ ಮೇಲಾಯ್ತು. ಬಲಭುಜ ನೋವು, ಡಾಕ್ಟ್ರು ಭಾರ ಎತ್ತಬೇಡಿ ಅಂದಿದಾರೆ. ಹಂಗಾಗಿ ಲೆನ್ಸ್ ಡಬ್ಬೀಲಿ ಮಲಗಿದೆ, ನಾನು ಬೆಳಿಗ್ಗೆ ಹೊಳೆ ಕಡೆ ಫೋನ್ ಹಿಡ್ಕೊಂಡು ಓಡಾಡ್ತಿದೀನಿ.

ತೆಗೆಯೋದು ಹಕ್ಕಿ, ಆಲೆಮನೆ, ಸೋಮನಾಥಪುರದಂಥ ದೇವಸ್ಥಾನ, ದಸರಾ ಟೈಮಲ್ಲಿ ಮೈಸೂರು. ಎಲ್ಲಾ ಮಾರಿ ಒಂದು ಮಿರರ್‌ಲೆಸ್‌ಗೆ ಹೋಗ್ಲಾ, ಇಲ್ಲಾ ದೊಡ್ಡ ಜೂಮಿನ ಬ್ರಿಡ್ಜ್ ಕ್ಯಾಮೆರಾ (ಲೆನ್ಸ್ ಬಿಚ್ಚೋಕಾಗದ್ದು) ಸಾಕಾ? ಇದೇ ಕೊನೇ ಕ್ಯಾಮೆರಾ ಅಂತ ಮನೇಲಿ ಮಾತು ಕೊಟ್ಟಿದೀನಿ (ಹಿಂದೆನೂ ಕೊಟ್ಟಿದ್ದೆ, ಅದು ಬೇರೆ ವಿಷ್ಯ).

ಸಕ್ಕರೆನಾಡ್ ಹೈದ

ಅಣ್ಣೋ, ಮೂರು ಕೇಜಿ ಹೊತ್ಕೊಂಡು ಯಾಕಣ್ಣ ಒದ್ದಾಡ್ತೀರಾ, ಬುಟ್ಬುಡಿ ಅತ್ಲಾಗೆ. ನಂತಾವ ನಿಕಾನ್ ಪಿ900 ಐತೆ, 24ರಿಂದ 2000 ಎಂಎಂವರ್ಗೂ ಒಂದೇ ಲೆನ್ಸು, ತೂಕ ಒಂದು ಕೇಜಿನೂ ಇಲ್ಲ. ಕೊಕ್ಕರೆ ಬೆಳ್ಳೂರ್ಗೋಗಿ ಹುಣಸೆಮರದ ಮೇಲಿರೋ ಹೆಜ್ಜಾರ್ಲೆ ಮರಿ ಬಾಯೊಳಗಿನ ಮೀನೂವೆ ಕಾಣಂಗೆ ತೆಗ್ದಿವ್ನಿ. ಚಂದ್ರನ್ನ ತೆಗೆದ್ರೆ ಗುಂಡಿಗಳು ಎಣಿಸ್ಬೋದು. ಲೆನ್ಸ್ ಬದಲಾಯ್ಸಂಗಿಲ್ಲ, ಧೂಳು ಒಳಿಕ್ಕೋಗಕಿಲ್ಲ, ಬೈಕ್ ಹ್ಯಾಂಡಲ್‌ಗೆ ನೇತಾಕೊಂಡು ಗದ್ದೆ ಬದಿಮ್ಯಾಲೆ ಓಯ್ತಾ ಇರ್ಬೋದು. ಇನ್ನೇನ್ ಬೇಕು?

ಹದಿನಾರು ಹೆಬ್ಬಾತು

@ಸಕ್ಕರೆನಾಡ್ ಹೈದ ಗುರು, ಪಿ900 ಕೆಟ್ಟದ್ದು ಅಂತ ನಾನ್ ಹೇಳಲ್ಲ, ಆದ್ರೆ ಒಂದು ಕಡೆ ಮಾತ್ರ ಹೇಳ್ತಿದ್ದೀಯ. ಅದರ ಸೆನ್ಸರ್ 6.2 ಇಂಟು 4.6 ಎಂಎಂ, ಡಿ7200ದು 23.5 ಇಂಟು 15.6. ವಿಸ್ತೀರ್ಣದಲ್ಲಿ ಹೆಚ್ಚುಕಮ್ಮಿ ಹದಿಮೂರು ಪಟ್ಟು ವ್ಯತ್ಯಾಸ. ಬಿಸಿಲು ಚೆನ್ನಾಗಿದ್ರೆ ಗೊತ್ತಾಗಲ್ಲ, ಆರೂವರೆಗೆ ಮಂಜು ಮುಸುಕಿರೋವಾಗ ತೆಗೆದು ನೋಡು, ರೆಕ್ಕೆಯ ಗರಿ ಎಲ್ಲಾ ಕಲಸೋಗಿರುತ್ತೆ. ಅದರ ಮೇಲೆ ಪಿ900ರಲ್ಲಿ ರಾ ಫೈಲ್ (ಸೆನ್ಸರ್ ಹಿಡಿದಿದ್ದೆಲ್ಲಾ ಹಂಗೇ ಇರೋ ಫೈಲ್) ಇಲ್ಲ, ಬರೀ ಜೆಪೆಗ್. ಆಮೇಲೆ ಸರಿ ಮಾಡ್ಕೋತೀನಿ ಅನ್ನೋಕೆ ಹೆಚ್ಚು ಜಾಗ ಉಳಿಯಲ್ಲ. ರಾ ಬೇಕು ಅಂದ್ರೆ 2020ರಲ್ಲಿ ಬಂದ ಪಿ950 ನೋಡ್ಬೇಕು.

ಇನ್ನೊಂದು ವಿಷ್ಯ ಯಾರೂ ಹೇಳಲ್ಲ. ನಾನು ಚಳಿಗಾಲ ಪೂರ್ತಿ ನಂಜನಗೂಡು ಕಡೆ ಹದಿನಾರು ಅನ್ನೋ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತು ನೋಡೋಕೆ ಹೋಗ್ತೀನಿ. ಅವು ಕೆರೆ ಮಧ್ಯೆ ಕೂತಿರ್ತವೆ, ಇಲ್ಲಾ ಆಚೆ ದಡದ ಹೊಲದಲ್ಲಿ ಮೇಯ್ತಿರ್ತವೆ, ಹತ್ರ ಹೋದ್ರೆ ಗುಂಪಿಗೆ ಗುಂಪೇ ಏಳುತ್ತೆ. ಒಂಬತ್ತು ಗಂಟೆ ಆಗ್ತಿದ್ದಂಗೆ ನೀರಿನ ಮೇಲಿನ ಗಾಳಿ ಬಿಸಿಯಾಗಿ ಅಲ್ಲಾಡೋಕೆ ಶುರುವಾಗುತ್ತೆ, ಆಗ 2000 ಎಂಎಂ ಇರ್ಲಿ 3000 ಎಂಎಂ ಇರ್ಲಿ, ಲೆನ್ಸ್ ಎಷ್ಟೇ ದುಬಾರಿ ಇರ್ಲಿ, ಕಣ್ಣು ಶಾರ್ಪ್ ಬರಲ್ಲ. ಜೂಮ್ ಹೆಚ್ಚಾದಷ್ಟೂ ಆ ಅಲ್ಲಾಟವೂ ದೊಡ್ಡದಾಗೇ ಬರೋದು. ಇದು ಕ್ಯಾಮೆರಾ ದೋಷ ಅಂದ್ಕೊಂಡು ಮಾರಿದವ್ರನ್ನ ನೋಡಿದೀನಿ.

@ಕಾವೇರಿದಂಡೆ ಸಾರ್, ನಾನು ಈಗ ಇಟ್ಕೊಂಡಿರೋದು ಕ್ಯಾನನ್ ಆರ್7, ಅದಕ್ಕೆ ಆರ್‌ಎಫ್ 100-400. ಬಾಡಿ 612 ಗ್ರಾಂ, ಲೆನ್ಸ್ 635 ಗ್ರಾಂ, ಒಂದೂಕಾಲು ಕೇಜಿ. ಸೆನ್ಸರ್ ಫುಲ್ ಫ್ರೇಮಿಗಿಂತ ಚಿಕ್ಕದು, 1.6 ಕ್ರಾಪ್ ಅಂತಾರೆ, ಹಂಗಾಗಿ 400 ಎಂಎಂ ಅನ್ನೋದು 640 ಎಂಎಂ ಲೆಕ್ಕ. ಹಕ್ಕಿ ಕಣ್ಣು ಅದೇ ಹುಡುಕ್ಕೊಂಡು ಹಿಡ್ಕೊಳುತ್ತೆ, ನಾವು ಫ್ರೇಮಿನ ಬಗ್ಗೆ ಯೋಚನೆ ಮಾಡಿದ್ರೆ ಸಾಕು. ಕಷ್ಟನೂ ಇದೆ, 400ರಲ್ಲಿ ಎಫ್ 8, ಅಂದ್ರೆ ಒಳಗೆ ಬರೋ ಬೆಳಕು ಕಮ್ಮಿ, ಮುಂಜಾನೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 6400ಕ್ಕೆ ಹೋಗುತ್ತೆ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಹಾರೋ ಹಕ್ಕಿ ತೆಗೆದ್ರೆ ರೆಕ್ಕೆ ಸೊಟ್ಟಗೆ ಬರುತ್ತೆ, ಯಾಕಂದ್ರೆ ಸೆನ್ಸರ್ ಒಂದೊಂದೇ ಸಾಲು ಓದೋದು ನಿಧಾನ, ಅಷ್ಟರಲ್ಲಿ ರೆಕ್ಕೆ ಬೇರೆ ಕಡೆ ಹೋಗಿರುತ್ತೆ. ಮೆಕ್ಯಾನಿಕಲ್ ಶಟರ್ ಹಾಕ್ಕೊಂಡ್ರೆ ತೊಂದ್ರೆ ಇಲ್ಲ.

ಸಕ್ಕರೆನಾಡ್ ಹೈದ

ಸರಿ ಬುಡಿ ಸಾರ್, ನಮ್ಗೆ ವಾಟ್ಸಾಪ್ ಸ್ಟೇಟಸ್‌ಗೆ ಸಾಕು. ಆರ್7 ತಗೊಳ ಕಾಸ್‌ನಾಗೆ ನಾನ್ ಒಂದು ಹಸ ತತ್ತಿನಿ 😄

ಹೊಸ ಶಟರ್

ದಿ ಬೆಸ್ಟ್ ಕ್ಯಾಮೆರಾ ಈಸ್ ದಿ ಒನ್ ವಿಥ್ ಯೂ ಅಂತಾರಲ್ವಾ ಅಂಕಲ್? ಫೋನಲ್ಲೇ ತೆಗೀರಿ.

ಕಾವೇರಿದಂಡೆ

@ಹೊಸ ಶಟರ್ ಮಗಾ, ಆ ಮಾತು ಎಲ್ಲಾ ಕಡೆ ಕೇಳಿ ಸಾಕಾಗಿದೆ. ನನ್ನ ಹತ್ರ ಇರೋದೇ ಮೂರು ಕೇಜಿ, ಅದಕ್ಕೇ ತಾನೇ ಕೇಳ್ತಿರೋದು.

ಹಳೇ ರೀಲು

ಫೋನ್ ಬೇಡ ಅಂತ ನಾನೂ ಹೇಳಲ್ಲ, ಎದುರುಗಡೆ ನಿಂತಿರೋರ್ನ ತೆಗೆಯೋಕೆ ಇವತ್ತಿನ ಫೋನು ನಮ್ಮ ಹಳೇ ಎಷ್ಟೋ ಕ್ಯಾಮೆರಾಗಿಂತ ಮೇಲು. ಆದ್ರೆ ಹೊಳೆ ಮಧ್ಯದ ಬಂಡೆ ಮೇಲಿನ ನೀರುಕಾಗೆ ಫೋನಿಗೆ ಸಿಗಲ್ಲ, ಅಲ್ಲಿಗೆ ಆ ವಾದ ಮುಗೀತು.

ನಾನು ಮೈಸೂರಿನವನು, ವಯಸ್ಸು ಎಪ್ಪತ್ತರ ಹತ್ರ. ಶುರು ಮಾಡಿದ್ದು ಆಗ್ಫಾ ಕ್ಲಿಕ್ ಥ್ರೀಯಿಂದ, 120 ರೀಲು, ಹನ್ನೆರಡೇ ಫೋಟೋ. ಊಟಿಯ ಹಿಂದೂಸ್ತಾನ್ ಫೋಟೋ ಫಿಲಂಸ್ ಅವರ ಇಂದು ರೀಲು ಸಿಗ್ತಿತ್ತು, ಬ್ಲಾಕ್ ಅಂಡ್ ವೈಟು. ಆಮೇಲೆ ಒಬ್ಬರ ಕೈಯಿಂದ ಪೆಂಟಾಕ್ಸ್ ಕೆ1000 ತಗೊಂಡೆ, ಅದು ಈಗ್ಲೂ ನಡೀತಿದೆ. ಬ್ಯಾಟರಿ ಬೇಕಾಗಿರೋದು ಮೀಟರಿಗೆ ಮಾತ್ರ, ಶಟರಿಗೆ ಬೇಡ, ಸೆಲ್ ಸತ್ರೂ ಅಂದಾಜಿನ ಮೇಲೆ ತೆಗೀಬಹುದು. ಡಿಜಿಟಲ್ಲೂ ಇಟ್ಟಿದ್ದೆ, ಮಗ ತಗೊಂಡು ಹೋದ, ವಾಪಸ್ ಕೇಳಿಲ್ಲ. ಈಗ ರೀಲಿನ ಬೆಲೆ, ಡೆವಲಪಿಂಗು, ಸ್ಕ್ಯಾನಿಂಗು ಎಲ್ಲಾ ಸೇರಿದ್ರೆ ಒಂದೊಂದು ಕ್ಲಿಕ್ಕಿಗೂ ಜೇಬು ಮುಟ್ಟಿ ನೋಡ್ಕೋಬೇಕು, ಹಂಗಾಗಿ ಇದನ್ನ ನಿಮಗೆ ತಗೊಳ್ಳಿ ಅಂತ ಹೇಳೋಕೆ ಬಂದಿದ್ದಲ್ಲ.

ಹೇಳೋಕೆ ಬಂದಿದ್ದು ಇಷ್ಟು. ನಮ್ಮೂರಿನವರೇ ಫೋಟೋ ಜರ್ನಲಿಸ್ಟ್ ಟಿ.ಎಸ್. ಸತ್ಯನ್ ಇದ್ದರಲ್ಲ, 1977ರಲ್ಲಿ ಪದ್ಮಶ್ರೀ ಬಂದಿದ್ದು, ಅವರ ಚಿತ್ರಗಳನ್ನ ತೆಗೆದು ನೋಡಿ. ಜನ, ಮಕ್ಕಳು, ಬೀದಿ, ದಿನನಿತ್ಯದ ಬದುಕು. ಮಾತಾಡಿಸೋ ದೂರದಲ್ಲಿ ನಿಂತು ತೆಗೆದಂಗಿರುತ್ತೆ ಎಷ್ಟೋ ಚಿತ್ರ. ನೀವು ಆಲೆಮನೆ, ದೇವಸ್ಥಾನ, ದಸರಾ ಅಂತ ಬರೆದಿದೀರಿ, ಅದರಲ್ಲಿ ಹಕ್ಕಿ ಒಂದು ಬಿಟ್ರೆ ಮಿಕ್ಕಿದ್ದಕ್ಕೆಲ್ಲಾ 500 ಎಂಎಂ ಯಾಕೆ ಸ್ವಾಮಿ? ಒಂದು ಕೆಲಸಕ್ಕೋಸ್ಕರ ಇಡೀ ಮನೆ ಸಾಮಾನು ಬದಲಾಯಿಸೋಕೆ ಹೊರಟಿದೀರಿ ಅನ್ನಿಸ್ತು.

ಮಾರ್ಕೆಟ್ ಮಲ್ಲಿಗೆ

ಹಳೇ ರೀಲು ಸರ್ ಹೇಳಿದ್ದನ್ನೇ ಸ್ವಲ್ಪ ಲೆಕ್ಕಕ್ಕೆ ಇಳಿಸ್ತೀನಿ. ಕಾವೇರಿದಂಡೆ ಸರ್, ನೀವು ಯಾವ ಕ್ಯಾಮೆರಾ ಅಂತ ಯಾರ್ನೂ ಕೇಳೋಕ್ ಮುಂಚೆ ನಿಮ್ಮ ಹಾರ್ಡ್‌ಡಿಸ್ಕ್ ತೆಗೀರಿ. ಲೈಟ್‌ರೂಮ್ ಸಾಫ್ಟ್‌ವೇರ್ ಇದ್ರೆ ಮೆಟಾಡೇಟಾ ಫಿಲ್ಟರ್‌ನಲ್ಲಿ ಫೋಕಲ್ ಲೆಂಗ್ತ್ ಅಂತ ಹಾಕಿದ್ರೆ ಯಾವ ಎಂಎಂನಲ್ಲಿ ಎಷ್ಟು ಫೋಟೋ ಅಂತ ಅದೇ ತೋರಿಸುತ್ತೆ. ಆದ್ರೆ ಎಲ್ಲಾ ಫೋಟೋ ಲೆಕ್ಕ ಹಾಕ್ಬೇಡಿ, ಹಕ್ಕಿ ತೆಗೆಯೋರು ಬರ್ಸ್ಟ್ ಬಿಟ್ಟು ಒಂದೇ ಹಕ್ಕೀನ ಐವತ್ತು ಸಲ ತೆಗೆದಿರ್ತೀರ, ಲೆಕ್ಕ ಎಲ್ಲಾ 500ಕ್ಕೇ ಹೋಗಿ ಬೀಳುತ್ತೆ. ನೀವು ಪ್ರಿಂಟ್ ಹಾಕಿಸಿದ್ದು, ಗೋಡೆಗೆ ಹಾಕಿದ್ದು, ಯಾರಿಗಾದ್ರೂ ಕಳಿಸಿದ್ದು ಮಾತ್ರ ಬೇರೆ ಮಾಡಿ ಅದರ ಲೆಕ್ಕ ನೋಡಿ.

ನಾನು ಹಂಗೆ ನೋಡಿದಾಗ ನಂದು ಮುಕ್ಕಾಲು ಪಾಲು 35ರಿಂದ 50ರ ಒಳಗೇ ಇತ್ತು. ನಾನು ತೆಗೆಯೋದು ಹೆಚ್ಚಾಗಿ ದೇವರಾಜ ಮಾರ್ಕೆಟ್‌ನಲ್ಲಿ, ಬೆಳಿಗ್ಗೆ ಹೂವಿನ ಸಾಲಲ್ಲಿ ಮಾರು ಹಾಕೋ ಅಜ್ಜಿಯಂದಿರು, ಬಾಳೆಹಣ್ಣಿನ ಗೊನೆ, ಕುಂಕುಮ ಅರಿಶಿನದ ಗೋಪುರ. ಅಲ್ಲಿ ದೊಡ್ಡ ಕ್ಯಾಮೆರಾ ತೆಗೆದ್ರೆ ಜನ ನೆಟ್ಟಗೆ ಕೂತ್ಬಿಡ್ತಾರೆ, ಇಲ್ಲಾ ಯಾವ ಪೇಪರ್‌ನವ್ರಮ್ಮ ಅಂತ ಕೇಳ್ತಾರೆ. ಫ್ಯೂಜಿ ಎಕ್ಸ್-ಟಿ20, ಅದಕ್ಕೆ 27 ಎಂಎಂ ಪುಟ್ಟ ಲೆನ್ಸು, ಎರಡೂ ಸೇರಿ ಅರ್ಧ ಕೇಜಿ ಒಳಗೆ, ತರಕಾರಿ ಬ್ಯಾಗಲ್ಲೇ ಹಾಕ್ಕೊಂಡು ಹೋಗ್ತೀನಿ. ಮೊದಲು ಹೂವು ತಗೋತೀನಿ, ಮಾತಾಡ್ತೀನಿ, ಆಮೇಲೆ ಕೇಳಿ ಫೋಟೋ ತೆಗೀತೀನಿ, ಮುಂದಿನ ವಾರ ಪ್ರಿಂಟ್ ಕೊಡ್ತೀನಿ. ನಂಗಿದು ಸರಿ ಹೋಯ್ತು ಅಂದ ಮಾತ್ರಕ್ಕೆ ನಿಮಗೂ ಸರಿ ಅಂತಲ್ಲ, ಹಕ್ಕಿಗೆ ಇದು ಉಪಯೋಗಕ್ಕೇ ಬರಲ್ಲ.

ಮದ್ವೆ ಆಲ್ಬಮ್ ಮಂಡ್ಯ

ನಾವು ಸ್ಟುಡಿಯೋದವ್ರು, ಮಂಡ್ಯ ಪ್ಯಾಟೇಲಿ. ಸಾರ್ ನೀವು ಮಿರರ್‌ಲೆಸ್ ಅಂದ್ರಲ್ಲ, ಯಾವ್ದು ನೋಡಿದೀರಾ? ನಿಕಾನ್‌ನಲ್ಲೇ ಇರ್ತೀರಾ ಇಲ್ಲ ಪಾರ್ಟಿ ಬದಲಾಯಿಸ್ತೀರಾ?

ಕಾವೇರಿದಂಡೆ

ನಿಕಾನ್ ಝಡ್50 ಟೂ ಮನಸ್ಸಲ್ಲಿದೆ, ಹಕ್ಕಿಗೆ ಅಂತ ಬೇರೆ ಮೋಡೇ ಕೊಟ್ಟಿದಾರೆ ಅಂತ ಕೇಳಿದೆ. ಅಡಾಪ್ಟರ್ ಹಾಕಿದ್ರೆ ನನ್ನ ಹಳೇ ಲೆನ್ಸ್ ಎಲ್ಲಾ ಕೂರುತ್ತಲ್ವಾ?

ಮದ್ವೆ ಆಲ್ಬಮ್ ಮಂಡ್ಯ

ಕೂರೋದು ಎಲ್ಲಾ ಕೂರುತ್ತೆ, ಕೆಲಸ ಮಾಡೋದು ಎಲ್ಲಾ ಮಾಡಲ್ಲ. ಹಳೇ ಲೆನ್ಸ್‌ನ ಝಡ್ ಬಾಡಿಗೆ ಕೂರಿಸೋ ಎಫ್‌ಟಿಝಡ್ ಅಡಾಪ್ಟರಿನೊಳಗೆ ಮೋಟರ್ ಇಲ್ಲ ಸಾರ್. 200-500 ಥರ ಲೆನ್ಸಲ್ಲೇ ಮೋಟರ್ ಇರೋವು ಚೆನ್ನಾಗಿ ನಡೀತವೆ, ನಿಮ್ಮ 50 ಎಂಎಂ 1.8 ಡಿ ಮಾತ್ರ ಮತ್ತೆ ಕೈಯಲ್ಲೇ ತಿರುಗಿಸ್ಬೇಕು, ಡಿ40 ಕಾಲಕ್ಕೇ ವಾಪಸ್ಸು. ಅದು ಡಿ7200ರಲ್ಲಿ ಆಟೋಫೋಕಸ್ ಆಗೋದು ಬಾಡೀಲೇ ಮೋಟರ್ ಇರೋದಕ್ಕೆ. ಇನ್ನೊಂದು, ಝಡ್50 ಟೂ ಬಾಡಿ ಹಗುರ ಆಯ್ತು ಅಂತ 200-500 ಹಗುರ ಆಗಲ್ಲ, ಇನ್ನೂರು ಗ್ರಾಂ ಉಳಿಸಿ ಅಡಾಪ್ಟರ್ ತೂಕ ಸೇರಿಸ್ಕೊಂಡ್ರಿ ಅಷ್ಟೇ. ಹೊಸ ಝಡ್ 180-600 ನೋಡಿದ್ರೂ ಎರಡು ಕೇಜಿ ಹತ್ರಾನೇ. ನಿಮ್ಮ ಭುಜಕ್ಕೆ ಏಟು ಲೆನ್ಸಿಂದ, ಬಾಡೀನ ಬೈತಿದೀರಾ.

2020ರಲ್ಲಿ ಡಿ780, ಡಿ6 ಬಂದಮೇಲೆ ನಿಕಾನ್ ಹೊಸ ಡಿಎಸ್‌ಎಲ್‌ಆರ್ (ನಿಮ್ಮ ಡಿ7200 ಥರ ಒಳಗೆ ಕನ್ನಡಿ ಇರೋದು) ಬಿಟ್ಟಿಲ್ಲ, ಅದು ನಿಜ. ಹಂಗಂತ ಹೆದರ್ಕೊಂಡು ಸಿಕ್ಕಿದ ರೇಟಿಗೆ ಕೊಡೋದಲ್ಲ. ಹೊಸಬರು ಬರೋಲ್ಲ ಅಂದ್ರೆ ಹಳೇ ಲೆನ್ಸ್ ಸೆಕೆಂಡ್‌ನಲ್ಲಿ ಕಮ್ಮಿಗೆ ಸಿಗುತ್ತೆ ಅಂತ ಅರ್ಥ, ನಿಮ್ಮಂಥ ಹವ್ಯಾಸಿಗಳಿಗೆ ಇದು ಒಳ್ಳೇ ಕಾಲ. ನಾವು ಮದುವೆ ವಿಡಿಯೋಗೆ ಅಂತ ಮಿರರ್‌ಲೆಸ್‌ಗೆ ಹೋದ್ವಿ, ಕಸ್ಟಮರ್ ರೀಲ್ಸ್ ಕೇಳ್ತಾರೆ, ಓಡ್ಕೊಂಡು ತೆಗೀಬೇಕು, ನಮಗೆ ಬೇರೆ ದಾರಿ ಇರ್ಲಿಲ್ಲ. ನಿಮಗೆ ಯಾರ್ ಕೇಳ್ತಾರೆ?

ಹದಿನಾರು ಹೆಬ್ಬಾತು

ಮದ್ವೆ ಆಲ್ಬಮ್ ಹೇಳಿದ್ದು ಸರಿ, ನಿಕಾನ್‌ನಲ್ಲೇ ಇರೋದಾದ್ರೆ 300 ಎಂಎಂ ಎಫ್ 4 ಪಿಎಫ್ ನೋಡಿ ಸಾರ್. ಫ್ರೆನೆಲ್ ಅಂತ ಒಂದು ಗಾಜು ಹಾಕಿರೋದ್ರಿಂದ ಉದ್ದನೂ ಕಮ್ಮಿ ತೂಕನೂ ಕಮ್ಮಿ, 755 ಗ್ರಾಂ. ಡಿ7200 ಜೊತೆ ಒಂದೂವರೆ ಕೇಜಿ, ಅಂದ್ರೆ ಈಗಿನ ಅರ್ಧ. ಡಿ7200ರ 1.5 ಕ್ರಾಪಲ್ಲಿ 450 ಎಂಎಂ ಲೆಕ್ಕಕ್ಕೆ ಬರುತ್ತೆ, ನಿಮ್ಮ 500 ಅದೇ ಲೆಕ್ಕದಲ್ಲಿ 750, ಹಂಗಾಗಿ ಹಕ್ಕಿ ಚಿಕ್ಕದಾಗುತ್ತೆ, ಆದ್ರೆ 24 ಮೆಗಾಪಿಕ್ಸೆಲ್ ಇದೆ, ಕ್ರಾಪ್ ಮಾಡ್ಬಹುದು. ಎಫ್ 4 ಅಂದ್ರೆ ಎಫ್ 5.6ಕ್ಕಿಂತ ಡಬಲ್ ಬೆಳಕು. ರಂಗನತಿಟ್ಟು ದೋಣೀಲಿ ಟ್ರೈಪಾಡ್ ಇಡೋಕಾಗಲ್ಲ, ಪಕ್ಕದವ್ರು ಎದ್ದು ಕೂತ್ರೆ ದೋಣಿ ತೂಗುತ್ತೆ, ಅಂಥ ಕಡೆ ಹಗುರ ಲೆನ್ಸ್ ಹಿಡಿದವ್ನೇ ಗೆಲ್ಲೋದು. ಹೊಳೆ ರೀವ ಹಕ್ಕಿ ನೀರಿಗೆ ಬೀಳೋವಾಗ ಶಟರ್ ಸ್ಪೀಡ್ 1/2000 ಬೇಕೇ ಬೇಕು, ಮೂರು ಕೇಜಿ ಹಿಡ್ಕೊಂಡು ಅದರ ಹಿಂದೆ ತಿರುಗೋಕೆ ನನ್ನ ಕೈಲೂ ಆಗಲ್ಲ.

ಜಾಸ್ತಿ ಆಯ್ತು ಅಂದ್ರೆ ಹಳೇ ಎಎಫ್-ಎಸ್ 70-300 ವಿಆರ್ ಇದೆ, 2006ರದ್ದು, 745 ಗ್ರಾಂ, 300ರಲ್ಲಿ ಸ್ವಲ್ಪ ಮೆತ್ತಗೆ, ಎಫ್ 8ಕ್ಕೆ ಇಟ್ರೆ ಪರವಾಗಿಲ್ಲ.

ಕುಕ್ಕರಹಳ್ಳಿ ವಾಕರ್

ಸೋನಿ ಆರ್‌ಎಕ್ಸ್10 ಫೋರ್ ಯಾರೂ ಹೇಳ್ಲಿಲ್ಲ! ಒಂದು ಇಂಚಿನ ಸೆನ್ಸರು, 24-600, ಎಫ್ 2.4ರಿಂದ 4, ತೂಕ 1.1 ಕೇಜಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಸುತ್ತು ಹಾಕ್ತಾ ಮಿಂಚುಳ್ಳಿನೂ ತೆಗೀತೀನಿ, ಎದುರಿಗೆ ಬಂದ ಸ್ನೇಹಿತರ ಫೋಟೋನೂ ತೆಗೀತೀನಿ. 2017ರ ಮಾಡೆಲ್ಲು, ಆದ್ರೂ ಸೆಕೆಂಡ್‌ನಲ್ಲಿ ಬೆಲೆ ಇಳಿದಿಲ್ಲ, ಅದೊಂದೇ ಸಂಕಟ.

ಆಮೇಲೆ ದಸರಾ ಅಂದ್ರಲ್ಲ, ಅರಮನೆ ದೀಪಕ್ಕೆ ದಸರಾನೇ ಕಾಯ್ಬೇಡಿ. ಭಾನುವಾರ ಮತ್ತೆ ಸರ್ಕಾರಿ ರಜಾ ದಿನ ಸಂಜೆ ಏಳಕ್ಕೆ ದೀಪ ಹಾಕ್ತಾರೆ. ಡಿಸೆಂಬರ್‌ನಲ್ಲಿ ಸೂರ್ಯ ಆರಕ್ಕೇ ಮುಳುಗಿರ್ತಾನೆ, ಏಳಕ್ಕೆ ಆಕಾಶ ಪೂರ್ತಿ ಕಪ್ಪು. ಜೂನ್ ಜುಲೈನಲ್ಲಿ ಮುಳುಗೋದೇ ಆರೂ ಐವತ್ತರ ಹತ್ರ, ಹಂಗಾಗಿ ದೀಪ ಹತ್ತಿದಾಗ ಹಿಂದೆ ಆಕಾಶ ಇನ್ನೂ ನೀಲಿ ಇರುತ್ತೆ. ಮಳೆ ಬಂದು ನಿಂತಿದ್ರೆ ನೆಲದಲ್ಲಿ ಪ್ರತಿಬಿಂಬ ಬೇರೆ. ಎಕ್ಸ್‌ಪೋಶರ್ ಒಂದು ಸ್ಟಾಪ್ (ಅಂದ್ರೆ ಬೆಳಕು ಅರ್ಧಕ್ಕೆ) ಇಳಿಸಿ, ಇಲ್ಲಾಂದ್ರೆ ಬಲ್ಬುಗಳೆಲ್ಲಾ ಒಂದೇ ಬಿಳಿ ಗೆರೆ ಆಗೋಗುತ್ತೆ. ಇದಕ್ಕೆ ನಿಮ್ಮ ಹಳೇ ಡಿ40 ಇದ್ರೂ ಸಾಕು ಸಾರ್, ಕಾಯೋದು ಜೂನ್‌ಗೆ, ಕ್ಯಾಮೆರಾಗಲ್ಲ.

ಹೊಸ ಶಟರ್

ವಾವ್ ಇದು ಗೊತ್ತೇ ಇರ್ಲಿಲ್ಲ. ಹಂಗೇ ಒಂದು ಡೌಟು, ನಾನು ಸ್ಟೂಡೆಂಟು, ಬಜೆಟ್ 30 ಸಾವಿರ, ಸೆಕೆಂಡ್‌ನಲ್ಲಿ ತಗೊಳ್ಬಹುದಾ, ಏನೇನ್ ನೋಡ್ಬೇಕು?

ಮದ್ವೆ ಆಲ್ಬಮ್ ಮಂಡ್ಯ

ಧಾರಾಳವಾಗಿ ತಗೋ. ಡಿ5300 ಥರದ್ದು ಕಿಟ್ ಲೆನ್ಸ್ ಜೊತೆ ನೋಡು, ದುಡ್ಡು ಉಳಿದ್ರೆ 35 ಎಂಎಂ 1.8 ಸೇರಿಸ್ಕೋ. ನೋಡೋಕೆ ಹೋಗೋವಾಗ ಒಂದು ಟಾರ್ಚು, ಒಂದು ಮೆಮೊರಿ ಕಾರ್ಡು ಜೇಬಲ್ಲಿರ್ಲಿ. ಲೆನ್ಸಿನ ಎರಡೂ ಕ್ಯಾಪ್ ತೆಗೆದು ಅಪರ್ಚರ್ ಪೂರ್ತಿ ತೆರೆದು ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡು, ಜೇಡರ ಬಲೆ ಥರ ಎಳೆ ಕಂಡ್ರೆ ಫಂಗಸ್ಸು, ಎಷ್ಟು ಕಮ್ಮಿಗೆ ಕೊಟ್ರೂ ಬೇಡ. ಒಂದೆರಡು ಧೂಳಿನ ಕಣ ಇದ್ರೆ ಏನೂ ಆಗಲ್ಲ, ಅದನ್ನ ತೋರಿಸಿ ರೇಟ್ ಇಳಿಸು. ಎಫ್ 16ರಲ್ಲಿ ಆಕಾಶದ ಫೋಟೋ ತೆಗೆದು ಝೂಮ್ ಮಾಡಿದ್ರೆ ಸೆನ್ಸರ್ ಮೇಲಿನ ಕಲೆ ಕಾಣುತ್ತೆ. ನಿಕಾನ್ ಆದ್ರೆ ಕಾರ್ಡಿಗೆ ಒಂದು ಜೆಪೆಗ್ ತಗೊಂಡು ಬಂದು ನೋಡಿದ್ರೆ ಶಟರ್ ಕೌಂಟ್ (ಇಲ್ಲಿವರೆಗೆ ಎಷ್ಟು ಸಲ ಕ್ಲಿಕ್ ಆಗಿದೆ ಅನ್ನೋ ಲೆಕ್ಕ) ಫೈಲಲ್ಲೇ ಇರುತ್ತೆ, ಎಡಿಟ್ ಮಾಡಿದ ಫೈಲ್ ಕೊಟ್ರೆ ತಗೋಬೇಡ, ನಿನ್ನ ಕಣ್ಣೆದುರಿಗೇ ತೆಗೆದಿದ್ದಾಗಿರ್ಬೇಕು. ಮದುವೆ ಶೂಟಿಂಗ್ ಮಾಡಿದ ಬಾಡಿ ಬೇಡ, ಇದನ್ನ ನಾನೇ ಹೇಳ್ತಿದೀನಿ ಅಂದ್ರೆ ಅರ್ಥ ಮಾಡ್ಕೋ. ಬಿಲ್ ಕೇಳು. ಬಿಲ್ ಇಲ್ಲ ಅಂದ್ರೆ ಯಾರ ಮನೆಯಿಂದ ಬಂದಿದ್ದೋ ಯಾರಿಗೊತ್ತು.

ಕಾವೇರಿದಂಡೆ

ಎರಡು ಸಂಜೆ ಕೂತ್ಕೊಂಡು ಮಾರ್ಕೆಟ್ ಮಲ್ಲಿಗೆ ಅವರು ಹೇಳಿದಂಗೆ ಲೆಕ್ಕ ಹಾಕ್ದೆ. ಎಲ್ಲಾ ಫೋಟೋ ತಗೊಂಡ್ರೆ ಅವ್ರು ಹೇಳಿದಂಗೇ 500 ಎಂಎಂ ರಾಶಿ ರಾಶಿ. ಪ್ರಿಂಟ್ ಹಾಕಿಸಿದ್ದು, ಗೋಡೆ ಮೇಲಿರೋದು ಅಂತ ಬೇರೆ ಮಾಡಿದ್ಮೇಲೆ ಕಥೆನೇ ಬೇರೆ ಆಯ್ತು.

ಕೊಕ್ಕರೆ ಬೆಳ್ಳೂರಿಂದು ಒಂದೂ 300 ದಾಟಿಲ್ಲ. ಯೋಚನೆ ಮಾಡಿದ್ರೆ ಸರಿನೇ, ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟೋದು ಊರೊಳಗಿನ ಮರಗಳಲ್ಲೇ, ಮನೆ ಹೆಂಚಿನ ಮೇಲೇ ಕೊಂಬೆ ಚಾಚಿರುತ್ತೆ, ಕೆಳಗೆ ಹಸು ಕಟ್ಟಿರ್ತಾರೆ. 500 ಹಾಕಿದ್ರೆ ಹಕ್ಕಿ ಕೊಕ್ಕು ಮಾತ್ರ ಬರುತ್ತೆ, ಊರು ಹೋಗ್ಬಿಡುತ್ತೆ. ನಂಗೆ ಇಷ್ಟ ಆಗಿರೋದೆಲ್ಲಾ ಹೆಂಚು, ಹಕ್ಕಿ, ಬಾಗಿಲಲ್ಲಿ ನಿಂತ ಮಗು ಮೂರೂ ಇರೋವೇ. ರಂಗನತಿಟ್ಟು 250ರಿಂದ 400, ಯಾಕಂದ್ರೆ ದೋಣಿ ಬಂಡೆ ಪಕ್ಕಕ್ಕೇ ಹೋಗುತ್ತೆ, ಮೊಸಳೆ ಹಲ್ಲು ಬರಿಗಣ್ಣಿಗೇ ಕಾಣುತ್ತೆ.

ಇನ್ನು ಆಲೆಮನೆ. ಅದೆಲ್ಲಾ 35 ಎಂಎಂನಲ್ಲಿ. ಅಲ್ಲಿ ತೆಗೆದವ್ರಿಗೆ ಗೊತ್ತು, ಕೊಪ್ಪರಿಗೆ ಕುದಿಯೋವಾಗ ಹಬೆ ಎದ್ರೆ ಎದುರಿಗಿರೋನ ಮುಖನೇ ಕಾಣಲ್ಲ, ಆಟೋಫೋಕಸ್ ಹಬೆ ಮೇಲೆ ಆಚೆ ಈಚೆ ಹುಡುಕಾಡುತ್ತೆ, ಮೀಟರು ಬಿಳಿ ಹಬೆ ನೋಡಿ ಫೋಟೋ ಕಪ್ಪು ಮಾಡುತ್ತೆ. ಕೆಳಗೆ ಒಲೆಗೆ ರಚ್ಚು (ಒಣಗಿದ ಕಬ್ಬಿನ ಸಿಪ್ಪೆ) ತಳ್ಳೋನು ಬಗ್ಗಿದಾಗ ಒಂದು ಸಲ ಉರಿ ಮುಖಕ್ಕೆ ಹೊಡೆಯುತ್ತೆ, ಅದೇ ಬೆಳಕು, ಆಗ್ಲೇ ತೆಗೀಬೇಕು. ನಾನು ಫೋಕಸ್ ಮೊದ್ಲೇ ಕೊಪ್ಪರಿಗೆ ಅಂಚಿಗೆ ಹಿಡಿದು ಲಾಕ್ ಮಾಡಿ, ಎಫ್ 2, 1/125, ಐಎಸ್‌ಒ 3200 ಮ್ಯಾನ್ಯುಯಲ್‌ನಲ್ಲಿ ಇಟ್ಟು ಕಾಯ್ತೀನಿ. ಪಾಕ ಹದ ಬಂದಾಗ ಅವ್ರು ಒಂದು ಹನಿ ನೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡ್ತಾರಲ್ಲ, ಆ ಬೆರಳಿನ ಫೋಟೋ ನಮ್ಮ ಹಾಲ್‌ನಲ್ಲಿದೆ, ಬಂದವ್ರೆಲ್ಲಾ ಅದನ್ನೇ ಕೇಳ್ತಾರೆ, ಹಕ್ಕೀನ ಯಾರೂ ಕೇಳಲ್ಲ 🙂 ಅದಕ್ಕೆ ಇದ್ದಿದ್ದು ಡಿ7200 ಮತ್ತೆ 35 ಎಂಎಂ 1.8, ಒಂದು ಕೇಜಿ ಒಳಗೆ.

ಸೋಮನಾಥಪುರನೂ ಅಷ್ಟೇ, ಒಳಗೆ ಕತ್ತಲು, ಪುರಾತತ್ವ ಇಲಾಖೆಯವ್ರು ಪರ್ಮಿಷನ್ ಇಲ್ದೆ ಟ್ರೈಪಾಡ್ ಬಿಡಲ್ಲ, ಛಾವಣಿ ಕೆತ್ತನೆಗೆ 35 ಎಂಎಂ ಹಿಡ್ಕೊಂಡು ಕಂಬಕ್ಕೆ ಒರಗಿ ನಿಂತು ತೆಗೆದಿರೋದು.

ಹಂಗಾಗಿ ಡಿ7200 ಇಟ್ಕೋತೀನಿ. 200-500 ಕೊಟ್ಬಿಡ್ತೀನಿ. ಬಂದ ದುಡ್ಡಿಗೆ ಇನ್ನೊಂಚೂರು ಸೇರಿಸಿ 300 ಪಿಎಫ್ ಸೆಕೆಂಡ್‌ನಲ್ಲಿ ಹುಡುಕ್ತೀನಿ.

ಹದಿನಾರು ಹೆಬ್ಬಾತು

ಒಳ್ಳೇದು ಸಾರ್, ಆದ್ರೆ ಹದಿನಾರಿಗೆ ಬಂದಾಗ ನನ್ನ ಹಿಂದೆ ನಿಂತ್ಕೊಂಡು ಹೊಟ್ಟೆ ಉರ್ಕೋಬೇಡಿ. 300ರಲ್ಲಿ ಅಲ್ಲಿ ಏನೂ ಸಿಗಲ್ಲ, ಈಗ್ಲೇ ಹೇಳಿದೀನಿ. ಹಕ್ಕಿ ಗುರುತಿಸೋಕೆ ಬೈನಾಕ್ಯುಲರ್ ತನ್ನಿ.

ಹಳೇ ರೀಲು

ಅಷ್ಟು ದೂರ ಇದ್ರೆ ನೋಡಿ ಸಂತೋಷ ಪಡಿ, ಎಲ್ಲಾನೂ ತೆಗೀಲೇಬೇಕು ಅಂತ ಏನು ಬರೆದಿಟ್ಟಿದ್ಯಾ.

ಹದಿನಾರು ಹೆಬ್ಬಾತು

ಹಳೇ ರೀಲು ಸಾರ್, ಇದನ್ನ ನಾನು ಒಪ್ಪಲ್ಲ. ಕಾಲಿಗೆ ರಿಂಗ್ ಹಾಕಿರೋ, ಕುತ್ತಿಗೆಗೆ ಕಾಲರ್ ಹಾಕಿರೋ ಹಕ್ಕಿ ಬಂದ್ರೆ ಅದರ ನಂಬರ್ ಓದೋಕೆ ಉದ್ದದ ಲೆನ್ಸ್ ಬೇಕು, ಆ ಫೋಟೋಯಿಂದ ಹಕ್ಕಿ ಎಲ್ಲಿಂದ ಬಂತು ಅಂತ ಗೊತ್ತಾಗುತ್ತೆ. ಗೋಡೆಗೆ ಹಾಕೋ ಫೋಟೋ ಒಂದೇ ಲೆಕ್ಕ ಅಲ್ಲ.

ಹಳೇ ರೀಲು

ಅದು ಸರಿ. ಆ ಕೆಲಸ ಬೇರೆ, ಅದಕ್ಕೆ ಬೇಕು.

ಸಕ್ಕರೆನಾಡ್ ಹೈದ

ಅಣ್ಣ ಡಬ್ಬೀಲಿ ಮಲಗಿತ್ತು ಅಂದ್ರಲ್ಲ, ಹೊಳೆ ಪಕ್ಕದ ಮನೆ, ಗದ್ದೆ ಬಯಲು, ಲೆನ್ಸ್‌ನಾಗೆ ಫಂಗಸ್ ಬಂದಿರ್ಬೇಕಲ್ಲ? ಮಾರಕ್ ಮುಂಚೆ ನೋಡ್ಕಳಿ.

ಕಾವೇರಿದಂಡೆ

ನೋಡಿದೀನಿ, ಕ್ಲೀನ್ ಇದೆ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್ ಬಟ್ಟೆ ಗಂಟು, ಒಂದು ಪುಟಾಣಿ ತೇವಾಂಶ ಮೀಟರು. 40ರಿಂದ 50 ಪರ್ಸೆಂಟ್ ಒಳಗೆ ಇರೋ ಹಂಗೆ ನೋಡ್ಕೋತೀನಿ. ನೀಲಿ ಜೆಲ್ಲು ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಹಳೇ ಬಾಣಲೀಲಿ ಸಣ್ಣ ಉರೀಲಿ ಬಿಸಿ ಮಾಡಿದ್ರೆ ಮತ್ತೆ ನೀಲಿ ಆಗುತ್ತೆ, ಆ ಬಾಣಲೆ ಅಡಿಗೆಗೆ ಬಳಸಂಗಿಲ್ಲ, ಬೇರೆ ಇಟ್ಟಿದೀನಿ. ಲೆನ್ಸ್ ಜೊತೆ ಬಂದ ಬ್ಯಾಗಲ್ಲಿ, ಚರ್ಮದ ಕವರಲ್ಲಿ ಮಾತ್ರ ಇಡಬಾರ್ದು, ಪಸೆ ಹಿಡ್ಕೊಳುತ್ತೆ. ಕರೆಂಟ್ ಇರೋ ಡ್ರೈ ಕ್ಯಾಬಿನೆಟ್ ತಗೊಂಡ್ರೆ ಇನ್ನೂ ಒಳ್ಳೇದು, ಒಂದು ಲೆನ್ಸ್‌ಗೆ ಅದು ಜಾಸ್ತಿ ಅನ್ನಿಸ್ತು.

ಕುಕ್ಕರಹಳ್ಳಿ ವಾಕರ್

200-500 ನಮ್ಮ ಗುಂಪಿನಲ್ಲೊಬ್ರಿಗೆ ಬೇಕಾಗಿದೆ, ನಿಕಾನ್ ಡಿ500 ಇಟ್ಕೊಂಡಿದಾರೆ, ವಯಸ್ಸಿನ್ನೂ ಚಿಕ್ಕದು, ಭುಜ ಗಟ್ಟಿ ಇದೆ. ಭಾನುವಾರ ಕರ್ಕೊಂಡು ಬರ್ಲಾ? ಅವರ ಬಾಡೀನೇ ತರ್ತಾರೆ, ಅದರಲ್ಲೇ ಹಾಕಿ ನೋಡ್ಲಿ. ಹುಡ್, ಬಿಲ್ ಇದೆಯಾ?

ಕಾವೇರಿದಂಡೆ

ಬನ್ನಿ ಬನ್ನಿ. ಹುಡ್ ಇದೆ, ಬಿಲ್ ಇದೆ, ಬಾಕ್ಸ್ ಇಲ್ಲ, ಮಗಳು ಅದರಲ್ಲಿ ಬೆಕ್ಕಿನ ಮರಿ ಇಟ್ಟಿದ್ಲು. ಬೆಳಿಗ್ಗೆ ಎಂಟರ ಒಳಗೆ ಬಂದ್ರೆ ಹೊಳೆ ಹತ್ರಾನೇ ಹಕ್ಕಿ ಮೇಲೆ ಟೆಸ್ಟ್ ಮಾಡ್ಬಹುದು, ಟಾರ್ಚ್ ನಾನೇ ಇಟ್ಟಿರ್ತೀನಿ. ರೇಟ್ ಇಲ್ಲಿ ಬೇಡ, ಬಂದಾಗ ಮಾತಾಡೋಣ.